ಹಳೇ ಸಿಟಿ6ಬಿ ರಿಮೋಟ್, ಹೊಸ ಐಎ6ಬಿ ರಿಸೀವರ್: ಬೈಂಡ್ ಆಗ್ತಾನೇ ಇಲ್ಲ

ಗಂಗಾವತಿ ಗಿರಣಿ:

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಕೆಲಸ ನನ್ನದು. ಸ್ಟಾರ್ಟರ್, ಪ್ಯಾನಲ್ ಬೋರ್ಡ್ ಆದರೆ ನಿದ್ದೆಗಣ್ಣಲ್ಲೂ ಬಿಚ್ಚಿ ಜೋಡಿಸ್ತೀನಿ. ಈ ಮಾಡೆಲ್ ವಿಮಾನದ ರೇಡಿಯೋ ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ.

ಅಕ್ಕನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುವಾಗ ತಗೊಂಡಿದ್ದ ಫ್ಲೈಸ್ಕೈ ಎಫ್‌ಎಸ್-ಸಿಟಿ6ಬಿ ರಿಮೋಟ್ ನನಗೆ ಕೊಟ್ಟ. 8 ಪೆನ್ಸಿಲ್ ಸೆಲ್ ಹಾಕುವಂಥದ್ದು, ಸ್ಕ್ರೀನ್ ಇಲ್ಲ. ಅದರ ಜೊತೆ ಬಂದಿದ್ದ, ವಿಮಾನದೊಳಗೆ ಕೂರಿಸೋ ರಿಸೀವರ್ ಎಲ್ಲೋ ಕಳೆದುಹೋಗಿದೆಯಂತೆ. ನಾನು ಆನ್‌ಲೈನಲ್ಲಿ ಎಫ್‌ಎಸ್-ಐಎ6ಬಿ ರಿಸೀವರ್ ತರಿಸಿದೆ. ಕಂಪನಿ ಒಂದೇ, ಎರಡೂ 2.4 ಗಿಗಾಹರ್ಟ್ಸ್, ಎರಡೂ 6 ಚಾನಲ್. ಹೊಂದಲೇಬೇಕು ಅಲ್ವಾ? ಆದರೆ ಬೈಂಡ್, ಅಂದರೆ ಎರಡನ್ನೂ ಜೋಡಿ ಮಾಡೋದು, ಆಗ್ತಿಲ್ಲ. ಬೈಂಡ್ ಪ್ಲಗ್ ಹಾಕಿ, ರಿಮೋಟಿನ ಬೈಂಡ್ ಬಟನ್ ಒತ್ತಿ ಹಿಡಿದು ಆನ್ ಮಾಡ್ತೀನಿ. ರಿಸೀವರಿನ ಕೆಂಪು ಲೈಟ್ ಪಟಪಟ ಅಂತ ಮಿಟುಕುತ್ತಲೇ ಇರುತ್ತೆ. ಮುಂದಕ್ಕೆ ಹೋಗಲ್ಲ.

ವಿಮಾನದ ವಿವರ: ಸನ್‌ಬೋರ್ಡಿನಲ್ಲಿ ಮಾಡಿದ್ದು, ರೆಕ್ಕೆ ಮೇಲ್ಗಡೆ ಇರುವ ಟ್ರೇನರ್, ಅಂದರೆ ಕಲಿಯೋರ ವಿಮಾನ. 2212 ಮೋಟರ್, 1000 ಕೆವಿ (ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ). ಮೋಟರಿನ ವೇಗ ಹಿಡಿತದಲ್ಲಿಡೋ 30 ಆಂಪ್ ಇಎಸ್‌ಸಿ, 3 ಸೆಲ್ 2200 ಲಿಪೊ ಬ್ಯಾಟರಿ, ರೆಕ್ಕೆ, ಬಾಲದ ಪಟ್ಟಿ ತಿರುಗಿಸೋಕೆ ಎಸ್‌ಜಿ90 ಸರ್ವೋ ನಾಲ್ಕು. ಮಗಳು 8ನೇ ಕ್ಲಾಸು, ಅವಳೇ ಅಳತೆ ಹಾಕಿ ಕತ್ತರಿಸಿದ್ದಾಳೆ. ಭತ್ತ ಕಟಾವಾದ ಗದ್ದೆ ನಮ್ಮ ಕಡೆ ಬೇಕಾದಷ್ಟಿದೆ, ಹಾರಿಸೋಕೆ ಜಾಗದ ಚಿಂತೆ ಇಲ್ಲ.

ರಿಸೀವರ್ ಕೆಟ್ಟಿದೆಯಾ, ರಿಮೋಟ್ ಕೆಟ್ಟಿದೆಯಾ? ಹೊಸದು ತಗೊಳ್ಳಲೇಬೇಕಾದರೆ ಯಾವುದು? ಅಂಗಡಿಯವನೊಬ್ಬ 10 ಚಾನಲ್‌ದೇ ತಗೊಳ್ಳಿ ಅಂತಾನೆ.

ಬಳ್ಳಾರಿ ಗುಡ್ಡ:

ಬೈಂಡ್ ಪ್ಲಗ್ ಬಿ/ವಿಸಿಸಿ ಅಂತ ಬರೆದಿರುವ ಪಿನ್ನಿಗೇ ಹಾಕಿದ್ದೀರಾ ನೋಡಿ. ಕರೆಂಟನ್ನು ಬೇರೆ ಯಾವುದಾದರೂ ಚಾನಲ್ ಪಿನ್ನಿನಿಂದ ಕೊಡಬೇಕು. ರಿಮೋಟನ್ನ ರಿಸೀವರಿಗೆ ಅಂಟಿಸಿ ಇಟ್ಟುಕೊಳ್ಳಬೇಡಿ, ಒಂದು ಮೊಳ ದೂರ ಇರಲಿ. ಇಷ್ಟಾದರೂ ಆಗದಿದ್ದರೆ ರಿಸೀವರ್ ಸತ್ತಿದೆ, ವಾಪಸ್ ಕಳಿಸಿ.

ರಾಯಚೂರು ರಿಪೇರಿ:

ವಾಪಸ್ ಕಳಿಸಬೇಡಿ ಅಣ್ಣಾ. ರಿಸೀವರ್ ಚೆನ್ನಾಗಿಯೇ ಇದೆ. ಪಟಪಟ ಮಿಟುಕುತ್ತಿದೆ ಅಂದರೆ ಬೈಂಡ್ ಮೋಡಿಗೆ ಹೋಗಿ ಕಾಯುತ್ತಾ ಕೂತಿದೆ ಅಂತ ಅರ್ಥ. ರಿಮೋಟೂ ಸರಿಯಾಗಿಯೇ ಇರಬಹುದು. ಅವೆರಡಕ್ಕೂ ಆಗಿಬರಲ್ಲ, ಅಷ್ಟೇ.

ನಾನು ತೀನ್ ಕಂದೀಲ್ ಹತ್ತಿರ ಟಿವಿ, ಇನ್ವರ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೀನಿ. ಈ ಮಾಡೆಲ್ ಹುಚ್ಚು ಕ್ರಿಸ್ಟಲ್ ಹಾಕುವ ಕಾಲದಿಂದ ಇದೆ. ಆಗ ಇಬ್ಬರ ಹತ್ತಿರ ಒಂದೇ ನಂಬರಿನ ಕ್ರಿಸ್ಟಲ್ ಇದ್ದರೆ ಒಬ್ಬ ಆನ್ ಮಾಡಿದ ಕೂಡಲೇ ಇನ್ನೊಬ್ಬನ ವಿಮಾನ ನೆಲಕ್ಕೆ. 2.4 ಬಂದ ಮೇಲೆ ಆ ರಗಳೆ ಹೋಯಿತು. ರಿಸೀವರಿಗೆ ತನ್ನ ರಿಮೋಟಿನ ಗುರುತು ಗೊತ್ತಿರುತ್ತೆ, ಬೇರೆಯವರ ಮಾತು ಕೇಳಲ್ಲ. ಬೈಂಡ್ ಮಾಡೋದು ಅಂದರೆ ಆ ಗುರುತನ್ನು ರಿಸೀವರಿನೊಳಗೆ ಬರೆಯೋದು. ಆದರೆ ಬರೆಯಬೇಕಾದರೆ ಮೊದಲು ಎರಡೂ ಒಂದೇ ಪ್ರೊಟೊಕಾಲ್‌ನಲ್ಲಿ, ಅಂದರೆ ಒಂದೇ ಭಾಷೆಯಲ್ಲಿ ಮಾತಾಡಬೇಕು.

ನಿಮ್ಮ ಸಿಟಿ6ಬಿ ಮಾತಾಡೋದು ಎಎಫ್‌ಎಚ್‌ಡಿಎಸ್. ಐಎ6ಬಿಗೆ ಬೇಕಾದ್ದು ಎಎಫ್‌ಎಚ್‌ಡಿಎಸ್ 2ಎ. ಹೆಸರು ಒಂದೇ ಥರ ಇದೆ, ಕೊನೆಯ 2ಎ ಇದೆಯಲ್ಲ, ಎಲ್ಲ ಅಲ್ಲೇ ಇದೆ. ನಿಮ್ಮ ಕೆಲಸದಲ್ಲೇ ಹೇಳೋದಾದರೆ, ಕಾಂಟ್ಯಾಕ್ಟರ್ ಅದೇ ಕಂಪನಿ, ಅದೇ ಆಂಪಿಯರ್. ಆದರೆ ಕಾಯಿಲ್ 415 ವೋಲ್ಟಿಂದು, ನೀವು ಕೊಟ್ಟಿದ್ದು 230. ಎಳೆಯುತ್ತಾ? ಗಿಗಾಹರ್ಟ್ಸ್ ಹೊಂದಿದರೆ, ಚಾನಲ್ ಲೆಕ್ಕ ಹೊಂದಿದರೆ ಏನೂ ಬಂದಹಾಗಾಗಲ್ಲ. ಪ್ರೊಟೊಕಾಲ್ ಹೆಸರು ಅಕ್ಷರ ಅಕ್ಷರ ಹೊಂದಬೇಕು.

ಈಗ ಎರಡು ದಾರಿ. ಹಳೇ ರಿಮೋಟಿಗೆ ಅದರದ್ದೇ ಎಫ್‌ಎಸ್-ಆರ್6ಬಿ ರಿಸೀವರ್ ಹುಡುಕಬಹುದು, ದುಡ್ಡು ಕಡಿಮೆ. ನಾನಾದರೆ ಆ ದಾರಿ ಹಿಡಿಯಲ್ಲ. ಸಿಟಿ6ಬಿಯಲ್ಲಿ ಸೆಟ್ಟಿಂಗ್ ಬದಲಾಯಿಸೋಕೆ ಕಂಪ್ಯೂಟರಿಗೆ ಕೇಬಲ್ ಹಾಕಬೇಕು. ಗದ್ದೆಯಲ್ಲಿ ನಿಂತಾಗ ಒಂದು ಸರ್ವೋ ಉಲ್ಟಾ ತಿರುಗುತ್ತಿದೆ ಅಂತ ಗೊತ್ತಾಯಿತು ಅಂತಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಿದ್ದೀರಾ? ಇಲ್ಲ. ಬಂದ ದಾರಿಗೆ ಸುಂಕ ಇಲ್ಲ, ಮನೆಗೆ ಹೋಗಬೇಕು.

ಇನ್ನೊಂದು ದಾರಿ ಎಫ್‌ಎಸ್-ಐ6. ನಿಮ್ಮ ಕೈಯಲ್ಲಿರುವ ಐಎ6ಬಿ ಅದಕ್ಕೇ ಹೇಳಿ ಮಾಡಿಸಿದ ರಿಸೀವರ್. ಸ್ಕ್ರೀನ್ ಇದೆ, 4 ಪೆನ್ಸಿಲ್ ಸೆಲ್ ಸಾಕು, ಎಲ್ಲಾ ಸೆಟ್ಟಿಂಗೂ ಅಲ್ಲೇ. ರಿಸೀವರ್ ಇಲ್ಲದೆ ಬರೀ ರಿಮೋಟ್ ಸಿಗುತ್ತಾ ವಿಚಾರಿಸಿ. ಸಿಗದಿದ್ದರೂ ಬೇಜಾರಿಲ್ಲ, ಇನ್ನೊಂದು ರಿಸೀವರ್ ಮುಂದಿನ ಮಾಡೆಲಿಗೆ ಆಗುತ್ತೆ. ಜೊತೆಗೆ ಕೊಡೋದು ಐಎ6 ಆಗಿದ್ದರೆ ಬೆಲೆ ಕಡಿಮೆ ಇರಬಹುದು. ಆದರೆ ಅದರಲ್ಲಿ ಟೆಲಿಮೆಟ್ರಿ ಇಲ್ಲ, ವಿಮಾನದ ಕಡೆಯಿಂದ ರಿಮೋಟಿಗೆ ಏನೂ ವಾಪಸ್ ಬರಲ್ಲ. ಕೊನೆಯ ಬಿ ಅಕ್ಷರ ನೋಡಿಯೇ ತಗೊಳ್ಳಿ. ಮೋಡ್ 2 ಅಂತಲೂ ಕೇಳಿ. ಅಂದರೆ ಥ್ರಾಟಲ್ (ಮೋಟರ್ ವೇಗದ ಸ್ಟಿಕ್) ಎಡಗೈಗೆ. ನಮ್ಮಲ್ಲಿ ಜಾಸ್ತಿ ಜನ ಅದರಲ್ಲೇ ಕಲಿತಿದ್ದಾರೆ, ನಾಳೆ ಯಾರಾದರೂ ಕಲಿಸೋಕೆ ಬಂದರೆ ಅನುಕೂಲ.

10 ಚಾನಲ್ ಏನು ಮಾಡ್ತೀರಿ? ಒಂದರಲ್ಲಿ ಏಲೆರಾನ್ (ರೆಕ್ಕೆಯ ಪಟ್ಟಿ), ಎರಡರಲ್ಲಿ ಎಲಿವೇಟರ್ (ಬಾಲದ ಅಡ್ಡ ಪಟ್ಟಿ), ಮೂರು ಥ್ರಾಟಲ್, ನಾಲ್ಕು ರಡ್ಡರ್ (ಬಾಲದ ನೆಟ್ಟಗಿನ ಪಟ್ಟಿ). ಎರಡು ಏಲೆರಾನ್ ಸರ್ವೋಗಳನ್ನ ವೈ ಕೇಬಲ್ ಹಾಕಿ ಒಂದನೇ ಚಾನಲಿಗೇ ಕೊಡಿ. ಇನ್ನೂ ಎರಡು ಚಾನಲ್ ಖಾಲಿ ಉಳೀತು. ಮಗಳಿಗೆ ಲೈಟ್ ಹಚ್ಚೋ ಆಸೆ ಇದ್ದರೆ ಅದಕ್ಕೂ ಜಾಗ ಇದೆ.

ಕೌಲ್‌ಬಜಾರ್ ಕ್ವಾಡ್:

ಕಾಕಾ ಹೇಳಿದ್ದು ಬೈಂಡ್ ವಿಷಯದಲ್ಲಿ ನೂರಕ್ಕೆ ನೂರು ಸರಿ. ಆದರೆ ಈಗ ಹೊಸದಾಗಿ ದುಡ್ಡು ಹಾಕೋರಿಗೆ ಐ6 ಹೇಳೋದು ನನಗೆ ಒಪ್ಪಿಗೆ ಇಲ್ಲ. ನಾನು ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ, ಕ್ವಾಡ್, ಅಂದರೆ ನಾಲ್ಕು ಪ್ರೊಪೆಲ್ಲರಿನ ಡ್ರೋನ್ ಹಾರಿಸೋದು. ನಮ್ಮ ಬ್ಯಾಚಿನವರೆಲ್ಲ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ (ಚಿಕ್ಕದಾಗಿ ಎಲ್‌ಆರ್‌ಎಸ್) ಅನ್ನೋ ಪ್ರೊಟೊಕಾಲ್‌ಗೆ ಬಂದುಬಿಟ್ಟಿದ್ದೀವಿ. ಓಪನ್ ಸೋರ್ಸ್, ಒಂದೇ ಕಂಪನಿಗೆ ಕಟ್ಟುಬೀಳಬೇಕಾಗಿಲ್ಲ. ಬೇರೆ ಬೇರೆ ಕಂಪನಿ ರಿಸೀವರುಗಳು ಒಂದೇ ರಿಮೋಟಿಗೆ ಸೇರುತ್ತವೆ. ರೇಡಿಯೋಮಾಸ್ಟರ್ ಪಾಕೆಟ್ ನೋಡಿ ಅಣ್ಣ. ಚಿಕ್ಕದು, 2 ಲಿಥಿಯಂ ಸೆಲ್, 18650 ಸೈಜು. ಎಡ್ಜ್‌ಟಿಎಕ್ಸ್ ಅನ್ನೋ ಸಾಫ್ಟ್‌ವೇರ್ ಇರೋದರಿಂದ ಕಲಿಯೋಕೆ ಸ್ವಲ್ಪ ಟೈಮ್ ಬೇಕು, ಆದರೆ ಕಲಿತರೆ ಏನು ಬೇಕಾದರೂ ಮಾಡಿಸಬಹುದು.

ಅದರಲ್ಲಿ ಬೈಂಡ್ ಪ್ಲಗ್ ಕಾಟವೇ ಇಲ್ಲ. ರಿಸೀವರಿಗೆ 2 ಸಲ ಕರೆಂಟ್ ಕೊಟ್ಟು ತೆಗೆದು, 3ನೇ ಸಲ ಕೊಟ್ಟು ಹಾಗೇ ಬಿಟ್ಟರೆ ಲೈಟ್ ಎರಡೆರಡು ಸಲ ಮಿಟುಕುತ್ತೆ. ಆಗ ರಿಮೋಟಿನ ಸ್ಕ್ರೀನಲ್ಲಿ ಬೈಂಡ್ ಒತ್ತಿದರೆ ಮುಗೀತು. ಇಲ್ಲಾ ಅಂದ್ರೆ ರಿಮೋಟಿಗೂ ರಿಸೀವರಿಗೂ ಒಂದೇ ಬೈಂಡಿಂಗ್ ಫ್ರೇಸ್ (ಪಾಸ್‌ವರ್ಡ್ ಥರದ ಪದ) ಹಾಕಿಟ್ಟರೆ ಆನ್ ಮಾಡಿದ ತಕ್ಷಣ ತಾವೇ ಸೇರುತ್ತವೆ. ಅದನ್ನ ಮೊಬೈಲಲ್ಲೇ ಹಾಕಬಹುದು. ಸಿಗ್ನಲ್ ಸಿಗದೆ ಒಂದು ನಿಮಿಷ ಆದರೆ ರಿಸೀವರ್ ತಾನೇ ವೈಫೈ ಆನ್ ಮಾಡಿಕೊಳ್ಳುತ್ತೆ. ಅದಕ್ಕೆ ಸೇರಿ ಬ್ರೌಸರಲ್ಲಿ 10.0.0.1 ತೆಗೆದರೆ ಪೇಜ್ ಬರುತ್ತೆ. ನೆನಪಿಡಬೇಕಾದ್ದು ಒಂದೇ: ರಿಮೋಟಲ್ಲಿ ವರ್ಷನ್ 3 ಇದ್ದು ರಿಸೀವರಲ್ಲಿ 2 ಇದ್ದರೆ ಜಪ್ಪಯ್ಯ ಅಂದರೂ ಸೇರಲ್ಲ. ಮೊದಲ ನಂಬರ್ ಒಂದೇ ಇರಬೇಕು.

ಬಳ್ಳಾರಿ ಗುಡ್ಡ:

900 ಮೆಗಾಹರ್ಟ್ಸ್ ಎಲ್‌ಆರ್‌ಎಸ್ ಇನ್ನೂ ದೂರ ಹೋಗುತ್ತಂತಲ್ಲ? ಅದನ್ನೇ ಹೇಳಬಹುದಲ್ಲಾ.

ಕೌಲ್‌ಬಜಾರ್ ಕ್ವಾಡ್:

ದೂರ ಹೋಗುತ್ತೆ ನಿಜ. ಆದರೆ ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿರೋದು 865ರ ಆಸುಪಾಸು. ಎಲ್‌ಆರ್‌ಎಸ್‌ನಲ್ಲಿ ಅದಕ್ಕೆ ಅಂತಲೇ 866ರ ಇಂಡಿಯಾ ಸೆಟ್ಟಿಂಗ್ ಇದೆ. ಆನ್‌ಲೈನಲ್ಲಿ ಬರೋ ಎಷ್ಟೋ ಮಾಡ್ಯೂಲ್ 915ಕ್ಕೆ ಸೆಟ್ ಆಗಿರುತ್ತವೆ. 890ರಿಂದ 915 ಮೊಬೈಲ್ ಕಂಪನಿಗಳ ಜಾಗ, ಅಲ್ಲಿ ನಾವು ಕೂಗಾಡಬಾರದು. ಕಣ್ಣಿಗೆ ಕಾಣೋಷ್ಟು ದೂರ ಹಾರಿಸೋ ಟ್ರೇನರಿಗೆ 2.4 ಧಾರಾಳ ಸಾಕು. ಕಾಣದಷ್ಟು ದೂರ ಕಳಿಸಿ ಏನು ಮಾಡ್ತೀರಿ?

ಹಾಂ, ಜಾಗದ ಚಿಂತೆ ಇಲ್ಲ ಅಂದ್ರಿ ಅಣ್ಣ, ಆದರೂ ವಿಮಾನಯಾನ ನಿಯಂತ್ರಿಸೋ ಡಿಜಿಸಿಎಯ ನಕ್ಷೆ ಒಮ್ಮೆ ನೋಡಿ. 2021ರ ಡ್ರೋನ್ ನಿಯಮದಲ್ಲಿ ಹಸಿರು, ಹಳದಿ, ಕೆಂಪು ವಲಯ ಅಂತ ಇದೆ. ಹಸಿರಿನಲ್ಲಿ 400 ಅಡಿವರೆಗೆ ಸರಿ. ನಡೆಯುತ್ತಿರುವ ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿ. ಅದಕ್ಕೂ ಹತ್ತಿರ ಆದರೆ ಅನುಮತಿ ಬೇಕು. ನಮಗೆ ತೋರಣಗಲ್ಲಿನ ನಿಲ್ದಾಣ ಇದೆ, ಸಂಡೂರು ಕಡೆ ಹೋಗೋ ಗೆಳೆಯರು ಇದನ್ನ ನೋಡಿಯೇ ಜಾಗ ಹುಡುಕೋದು.

ರಾಯಚೂರು ರಿಪೇರಿ:

ತಂಗೀ, ನೀನು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನೂ ಪಾಕೆಟ್ ಹಿಡಿದು ನೋಡಿದ್ದೀನಿ, ಒಳ್ಳೆ ಸಾಮಾನು. ಆದರೆ ಗಂಗಾವತಿ ಅಣ್ಣನ ಕೈಯಲ್ಲಿ ಐಎ6ಬಿ ಇದೆ. ಪಾಕೆಟ್ ತಗೊಂಡರೆ ಇದು ಮೂಲೆಗೆ, ಇನ್ನೊಂದು ರಿಸೀವರ್ ಖರ್ಚು. ಫೇಲ್‌ಸೇಫ್ ಹಾಕೋಕೆ ಅದರಲ್ಲಿ ವೈಫೈ ಪೇಜಿಗೆ ಹೋಗಬೇಕು. ನಿಮ್ಮ ಬ್ಯಾಚಿನವರಿಗೆ ಅದು ಆಟ. ಮೊದಲ ವಿಮಾನ ಹಾರಿಸೋರಿಗೆ ಅಷ್ಟೆಲ್ಲ ತಲೆನೋವು ಯಾಕೆ?

ಇನ್ನೊಂದು ನೀನು ಹೇಳದೇ ಬಿಟ್ಟೆ. ಎಲ್‌ಆರ್‌ಎಸ್ ರಿಸೀವರುಗಳಲ್ಲಿ ಬಹಳಷ್ಟು ಬೆರಳಿನ ಉಗುರಿನಷ್ಟೇ ಇರುತ್ತವೆ. ಕ್ವಾಡಿನ ಫ್ಲೈಟ್ ಕಂಟ್ರೋಲರಿಗೆ 4 ವೈರ್ ಬೆಸುಗೆ ಹಾಕೋಕೆ ಮಾಡಿದ್ದು. ಅದರಲ್ಲಿ ಸರ್ವೋ ಸಿಕ್ಕಿಸೋಕೆ ಪಿನ್ನೇ ಇರಲ್ಲ. ವಿಮಾನಕ್ಕೆ ಬೇಕಾದ್ದು ಸರ್ವೋಗಳನ್ನ ನೇರ ಸಿಕ್ಕಿಸಬಹುದಾದ ಪಿಡಬ್ಲ್ಯೂಎಂ ರಿಸೀವರ್, ರೇಡಿಯೋಮಾಸ್ಟರ್ ಇಆರ್6 ಥರದ್ದು. ಅಗ್ಗ ಅಂತ ಸಣ್ಣದನ್ನ ತರಿಸಿಕೊಂಡು ಸರ್ವೋ ಎಲ್ಲಿ ಹಾಕಲಿ ಅಂತ ನನ್ನ ಅಂಗಡಿಗೆ ಬಂದವರಿದ್ದಾರೆ.

ರಿಮೋಟ್ ತಗೊಳ್ಳೋದು ಒಂದು ಸಲ. ರಿಸೀವರ್ ಮಾತ್ರ ಪ್ರತಿ ಮಾಡೆಲಿಗೂ ಒಂದೊಂದು. ಹಾಗಾಗಿ ನಾನು ಯಾರೇ ಕೇಳಿದರೂ ರಿಸೀವರಿನಿಂದಲೇ ಶುರು ಮಾಡ್ತೀನಿ: ಯಾವುದು ನಿಮಗೆ ಸುಲಭವಾಗಿ ಸಿಗುತ್ತೆ, ಅದರ ಬೆಲೆ ಎಷ್ಟು? ರಾಯಚೂರಿನವರು ನಾವು ಹೈದರಾಬಾದಿಗೆ ರೈಲು ಹತ್ತಿ ಕೋಠಿಯ ಗುಜರಾತಿ ಗಲ್ಲಿಗೆ ಹೋಗ್ತೀವಿ. ನೀವು ಬೆಂಗಳೂರಿನ ಎಸ್‌ಪಿ ರೋಡಿಗೋ ಆನ್‌ಲೈನಿಗೋ. ಮಗಳು ಮುಂದೆ ಕ್ವಾಡಿಗೆ ಹೋಗ್ತಾಳೆ ಅಂತ ಈಗಲೇ ಅನ್ನಿಸುತ್ತಿದ್ದರೆ ತಂಗಿ ಮಾತು ಕೇಳಿ, ಪಾಕೆಟ್ ತಗೊಳ್ಳಿ. ಇಲ್ಲದಿದ್ದರೆ ಐ6.

ಗಂಗಾವತಿ ಗಿರಣಿ:

ಕಾಕಾ, ತಂಗಿ, ಇಬ್ಬರಿಗೂ ಥ್ಯಾಂಕ್ಸ್. ಸದ್ಯಕ್ಕೆ ಐ6 ಆರ್ಡರ್ ಹಾಕಿದ್ದೀನಿ. ಮಗಳಿಗೆ ಪಾಕೆಟ್ ಫೋಟೋ ತೋರಿಸಬಾರದಿತ್ತು, ಈಗ ಅದೇ ಜಪ. ಫೇಲ್‌ಸೇಫ್ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಿ.

ರಾಯಚೂರು ರಿಪೇರಿ:

ಹೇಳ್ತೀನಿ, ಇದನ್ನ ಮಾತ್ರ ಸಮಾಧಾನದಿಂದ ಓದಿ.

ಹಾರುವಾಗ ಸಿಗ್ನಲ್ ಕಡಿದುಹೋದರೆ ರಿಸೀವರ್ ಪ್ರತಿ ಚಾನಲಿಗೂ ಏನು ಹೇಳಬೇಕು ಅಂತ ಮೊದಲೇ ಹೇಳಿಕೊಟ್ಟಿರೋದು ಫೇಲ್‌ಸೇಫ್. ಹೇಳಿಕೊಡದಿದ್ದರೆ ಮುಕ್ಕಾಲು ಥ್ರಾಟಲಿನಲ್ಲೇ ವಿಮಾನ ಹೊರಟುಬಿಡಬಹುದು. ಗದ್ದೆ ಬಯಲಲ್ಲಿ ಕೆಲಸ ಮಾಡೋ ಜನ ಇರ್ತಾರೆ, ಎತ್ತು ಇರುತ್ತವೆ, ಪಂಪ್‌ಸೆಟ್ಟಿನ ಲೈನ್ ಇರುತ್ತೆ. ತಿರುಗುತ್ತಿರುವ ಪ್ರೊಪೆಲ್ಲರ್ ಬೆರಳು ಕತ್ತರಿಸುತ್ತೆ.

ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ಥ್ರಾಟಲ್ ಕೆಳಗೆ, ಸ್ವಿಚ್ಚುಗಳೆಲ್ಲ ಮೇಲೆ ಇರಲಿ, ಇಲ್ಲದಿದ್ದರೆ ಐ6 ಶುರುವೇ ಆಗಲ್ಲ, ಸ್ಕ್ರೀನಲ್ಲಿ ಎಚ್ಚರಿಕೆ ತೋರಿಸಿ ಕೂತುಬಿಡುತ್ತೆ. ಬೈಂಡ್ ಮಾಡಿ. ಬೈಂಡ್ ಪ್ಲಗ್ ಕಿತ್ತು, ಎರಡನ್ನೂ ಆಫ್ ಮಾಡಿ, ಮತ್ತೆ ಮೊದಲು ರಿಮೋಟ್, ಆಮೇಲೆ ವಿಮಾನ ಆನ್ ಮಾಡಿ. ಈ ಕ್ರಮ ಯಾವತ್ತೂ ಇದೇ. ಆಫ್ ಮಾಡುವಾಗ ಉಲ್ಟಾ, ಮೊದಲು ವಿಮಾನ.

ಈಗ ಓಕೆ ಬಟನ್ ಒತ್ತಿ ಹಿಡಿದರೆ ಮೆನು ಬರುತ್ತೆ. ಸಿಸ್ಟಮ್, ಅದರೊಳಗೆ ಆರ್‌ಎಕ್ಸ್ ಸೆಟಪ್, ಅದರೊಳಗೆ ಫೇಲ್‌ಸೇಫ್. ಚಾನಲ್ 3 ಆಯ್ಕೆ ಮಾಡಿ ಆನ್ ಮಾಡಿ. ಎಡಗೈ ಸ್ಟಿಕ್ಕನ್ನು ಪೂರ್ತಿ ಕೆಳಗೆ ಹಿಡಿದಿರಿ, ಪಕ್ಕದಲ್ಲಿ ಮೈನಸ್ 100 ತೋರಿಸಬೇಕು. ಸ್ಟಿಕ್ ಬಿಡದೆ ಕ್ಯಾನ್ಸಲ್ ಬಟನ್ ಉದ್ದಕ್ಕೆ ಒತ್ತಿ. ಹೌದು, ಕ್ಯಾನ್ಸಲ್. ಐ6ರಲ್ಲಿ ಸೆಟ್ಟಿಂಗ್ ಉಳಿಯೋದು ಕ್ಯಾನ್ಸಲ್ ಒತ್ತಿ ಹಿಡಿದರೆ. ಸುಮ್ನೆ ಒಂದು ಸಲ ಒತ್ತಿ ಬಿಟ್ಟರೆ ಹಾಕಿದ್ದೆಲ್ಲ ಹೋಯಿತು. ಇದನ್ನ ಯಾರು ಯೋಚನೆ ಮಾಡಿದರೋ ದೇವರೇ ಬಲ್ಲ. ಎಷ್ಟೋ ಜನ ಫೇಲ್‌ಸೇಫ್ ಹಾಕಿದ್ದೀನಿ ಅಂತಾರೆ, ಮೆನು ತೆಗೆದು ನೋಡಿದರೆ ಆಫ್ ಅಂತಲೇ ಇರುತ್ತೆ.

ಅದಕ್ಕೇ ಮೆನು ನಂಬಬೇಡಿ, ಮಾಡಿ ನೋಡಿ. ಪ್ರೊಪೆಲ್ಲರ್ ಇಲ್ಲದೆ ಅರ್ಧ ಥ್ರಾಟಲ್ ಕೊಟ್ಟು ರಿಮೋಟ್ ಆಫ್ ಮಾಡಿ. ಮೋಟರ್ ನಿಂತರೆ ಸರಿ. ಏಲೆರಾನ್, ಎಲಿವೇಟರಿಗೆ ಏನೇನೋ ಹಾಕೋರಿದ್ದಾರೆ, ಸುತ್ತುತ್ತಾ ಇಳಿಯಲಿ ಅಂತ. ನನಗೆ ಮೋಟರ್ ನಿಂತರೆ ಸಾಕು.

ಆಂಟೆನಾ ಬಗ್ಗೆ ಎರಡು ಮಾತು. ಐಎ6ಬಿಯಲ್ಲಿ ಎರಡು ವೈರ್ ಇವೆ. ತುದಿಯಲ್ಲಿ ತೆಳ್ಳಗೆ ಬರಿದಾಗಿರುವ 3 ಸೆಂಟಿಮೀಟರ್ ಇದೆಯಲ್ಲ, ಕೆಲಸ ಮಾಡೋದು ಅಷ್ಟೇ. ಅದನ್ನ ಕತ್ತರಿಸಬೇಡಿ, ಮಡಚಬೇಡಿ, ಬ್ಯಾಟರಿ ಮೇಲೆ ಟೇಪ್ ಹಚ್ಚಬೇಡಿ. ಒಂದು ಅಡ್ಡ, ಒಂದು ನೆಟ್ಟಗೆ ಇರಲಿ. ರಿಮೋಟಿನ ಆಂಟೆನಾ ತುದಿಯನ್ನು ವಿಮಾನದ ಕಡೆಗೆ ಗುರಿ ಇಡಬೇಡಿ, ತುದಿಯ ದಿಕ್ಕಿಗೆ ಸಿಗ್ನಲ್ ತೀರಾ ಕಡಿಮೆ. ಪಕ್ಕಕ್ಕೆ ವಾಲಿಸಿ.

ಗಂಗಾವತಿ ಗಿರಣಿ:

ಐ6 ಬಂತು. ಪಾರ್ಸಲ್ ಬಿಚ್ಚಿ ಸೆಲ್ ಹಾಕಿ ಬೈಂಡ್ ಒತ್ತಿದ್ದಷ್ಟೇ, ಮೊದಲು ತರಿಸಿದ್ದ ಐಎ6ಬಿ ಕೂಡಲೇ ಸೇರಿಕೊಂಡಿತು. ಫೇಲ್‌ಸೇಫ್ ಮಗಳೇ ಹಾಕಿದಳು, ಮೋಟರ್ ನಿಲ್ಲುತ್ತಿದೆ.

ಒಂದೇ ಅನುಮಾನ. ಸ್ಕ್ರೀನಲ್ಲಿ ಇಂಟ್ ವಿ ಅಂತ 5.0 ತೋರಿಸುತ್ತೆ. ಎರಡೂ ಸ್ಟಿಕ್ ಜೋರಾಗಿ ಆಡಿಸಿದರೆ 4.3ಕ್ಕೆ ಇಳಿದು ಮತ್ತೆ ಮೇಲೆ ಬರುತ್ತೆ. ಇದು ಮಾಮೂಲಾ?

ರಾಯಚೂರು ರಿಪೇರಿ:

ಮಾಮೂಲಲ್ಲ. ಟೆಲಿಮೆಟ್ರಿ ಇರೋ ರಿಸೀವರ್ ತಗೊಳ್ಳಿ ಅಂದಿದ್ದೇ ಇದಕ್ಕೆ. ಆ ನಂಬರ್ ರಿಸೀವರಿಗೆ ಸಿಗುತ್ತಿರುವ ವೋಲ್ಟೇಜ್. ಐಎ6ಬಿಗೆ ಕನಿಷ್ಠ 4 ವೋಲ್ಟ್ ಬೇಕು. ಗಾಳಿಯಲ್ಲಿ ಇನ್ನೊಂದಿಷ್ಟು ಇಳಿದರೆ ರಿಸೀವರ್ ಕಣ್ಣು ಮುಚ್ಚುತ್ತೆ, ಜನ ಸಿಗ್ನಲ್ ಹೋಯಿತು ಅಂತ ರೇಡಿಯೋ ಬೈತಾರೆ.

ಮೊದಲು ಒಂದೊಂದೇ ಸರ್ವೋ ಆಡಿಸಿ. ಸ್ಟಿಕ್ ಬಿಟ್ಟ ಮೇಲೂ ಯಾವುದಾದರೂ ಗುಂಯ್ ಅನ್ನುತ್ತಿದ್ದರೆ ಅದರ ಕಡ್ಡಿ ಎಲ್ಲೋ ಹಿಡೀತಿದೆ, ಇಲ್ಲಾ ಹಿಂಜ್ ಬಿಗಿ ಇದೆ. ಎಸ್‌ಜಿ90 ಸಿಕ್ಕಿಕೊಂಡು ನಿಂತರೆ ಒಂದೊಂದೂ ಅರ್ಧ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತೆ. ಕಡ್ಡಿ ಸಡಿಲ ಮಾಡಿ ಮತ್ತೆ ನಂಬರ್ ನೋಡಿ.

ಆದರೂ ಇಳಿಯುತ್ತಿದ್ದರೆ ಇಎಸ್‌ಸಿ ಒಳಗಿನ ಬಿಇಸಿ, ಅಂದರೆ ಬ್ಯಾಟರಿ ವೋಲ್ಟೇಜ್ ಇಳಿಸಿ ರಿಸೀವರಿಗೆ, ಸರ್ವೋಗಳಿಗೆ ಕೊಡೋ ಭಾಗ, ಸಾಲುತ್ತಿಲ್ಲ. ಅಗ್ಗದ 30 ಆಂಪ್ ಇಎಸ್‌ಸಿಗಳಲ್ಲಿ ಇರೋದು ಲೀನಿಯರ್ ಬಿಇಸಿ, 5 ವೋಲ್ಟ್ 2 ಆಂಪ್ ಅಂತ ಬರೆದಿರುತ್ತೆ. ಲೆಕ್ಕ ನೀವೇ ಹಾಕಿ: ತುಂಬಿದ 3 ಸೆಲ್ ಲಿಪೊ 12.6 ವೋಲ್ಟ್, ಕೊಡಬೇಕಾದ್ದು 5. ಉಳಿದ 7.6 ಪೂರ್ತಿ ಬಿಸಿಯಾಗಿ ಹೋಗಬೇಕು. 1 ಆಂಪಿಯರಿಗೆ 7.6 ವಾಟ್, ಅಷ್ಟು ಚಿಕ್ಕ ಚಿಪ್ಪಿನಲ್ಲಿ. ನಮ್ಮ ಏಪ್ರಿಲ್ ಬಿಸಿಲು ಬೇರೆ. 5 ವೋಲ್ಟ್ 3 ಆಂಪಿನ ಯುಬಿಇಸಿ, ಅಂದರೆ ಇಎಸ್‌ಸಿಯ ಹೊರಗೆ ಹಾಕೋ ಬೇರೆ ಬಿಇಸಿ ತಗೊಳ್ಳಿ, ಸ್ವಿಚಿಂಗ್ ಥರದ್ದು. ಬ್ಯಾಟರಿಯಿಂದ ನೇರ ಅದಕ್ಕೆ, ಅದರಿಂದ ರಿಸೀವರಿನ ಖಾಲಿ ಚಾನಲಿಗೆ. ಇಎಸ್‌ಸಿಯಿಂದ ಮೂರನೇ ಚಾನಲಿಗೆ ಬರೋ ಪ್ಲಗ್ಗಿನಲ್ಲಿ ನಡುವಿನ ಕೆಂಪು ವೈರ್ ಮಾತ್ರ ಹೊರಗೆ ತೆಗೆಯಿರಿ. ಎರಡು ಕಡೆಯಿಂದ 5 ವೋಲ್ಟ್ ಕೊಡಬಾರದು.

ಗಂಗಾವತಿ ಗಿರಣಿ:

ಎಲಿವೇಟರ್ ಕಡ್ಡಿ ಹಿಡೀತಿತ್ತು ಕಾಕಾ. ಸನ್‌ಬೋರ್ಡಿನ ತೂತಿಗೆ ಉಜ್ಜುತ್ತಿತ್ತು, ತೂತು ದೊಡ್ಡದು ಮಾಡಿದೆ. ಈಗ 4.7ಕ್ಕಿಂತ ಕೆಳಗೆ ಬರುತ್ತಿಲ್ಲ. ಯುಬಿಇಸಿಗೂ ಆರ್ಡರ್ ಹಾಕಿದ್ದೀನಿ. ಕೆಂಪು ವೈರ್ ಕತ್ತರಿಸಿಬಿಡಲಾ?

ರಾಯಚೂರು ರಿಪೇರಿ:

ಕತ್ತರಿಸಬೇಡಿ. ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಸ್ವಲ್ಪ ಎತ್ತಿ ಎಳೆದರೆ ಪಿನ್ ಸಮೇತ ಹೊರಗೆ ಬರುತ್ತೆ. ಮೇಲೆ ಹೀಟ್‌ಶ್ರಿಂಕ್ ಹಾಕಿ ಹಿಂದಕ್ಕೆ ಮಡಚಿ ಕಟ್ಟಿ. ಇಎಸ್‌ಸಿ ಬೇರೆ ಮಾಡೆಲಿಗೆ ಹೋದಾಗ ವಾಪಸ್ ಸಿಕ್ಕಿಸಬಹುದು. ಯುಬಿಇಸಿ ಬರೋವರೆಗೆ ಹಾರಿಸಬೇಡಿ, ಮಗಳು ಎಷ್ಟೇ ಹಟ ಮಾಡಿದರೂ.